ಒಂದಕ್ಕೆ ಎಷ್ಟು: ಮೈಸೂರು–ಗುಂಡ್ಲುಪೇಟೆ ಹಾದಿಯ ಬಾಜಿದರಗಳು

ಬಾಜಿ ಎಂಬುದು ಒಂದು ಒಪ್ಪಂದವಾದ್ದರಿಂದ, ಪಣದ ಮೊತ್ತ, ಗೆಲುವು ಯಾವುದೆಂಬ ನಿರ್ಣಯ, ಗೆದ್ದವನಿಗೆ ಸಲ್ಲಬೇಕಾದ ಹಣ ಎಂಬ ಮೂರು ಸಂಗತಿಗಳು ಆಟಕ್ಕೆ ಮೊದಲೇ ಇತ್ಯರ್ಥವಾಗಿರಬೇಕಾಗುತ್ತದೆ. ಕಟ್ಟಿದ ಹಣಕ್ಕೂ ಗೆದ್ದರೆ ಬರುವ ಹಣಕ್ಕೂ ಇರುವ ಪ್ರಮಾಣವನ್ನು ಬಾಜಿಯ ದರ ಎನ್ನಬಹುದು. ರೇಸಿಗೆ ಹೋಗುವವರ ಬಾಯಲ್ಲಿ ಅದು ರೇಟು, ಕ್ರಿಕೆಟ್ ಬಾಜಿಯವರಲ್ಲಿ ಭಾವ್, ಹಳ್ಳಿಯ ಅರಳಿಕಟ್ಟೆಯ ಮೇಲೆ ಬರಿಯ ‘ಒಂದಕ್ಕೆ ಎಷ್ಟು’. ಜೂಜಿನ ಆಟಗಳ ಬಗ್ಗೆ, ಅವುಗಳಿಂದಾದ ಮನೆಹಾಳುತನದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಆದರೆ ಈ ದರವನ್ನು ಹೇಳುವ, ಬರೆಯುವ, ಹಲಗೆಯ ಮೇಲೆ ತೋರಿಸುವ ರೀತಿಗಳಿಗೂ ಒಂದು ಚರಿತ್ರೆ ಇದೆ ಎಂಬುದರ ಕಡೆಗೆ ಗಮನ ಹೋದದ್ದು ಕಡಿಮೆ. ಆ ಚರಿತ್ರೆಯನ್ನು ಓದಲು ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆ ಅನುಕೂಲವಾದ ಜಾಗ. ಗುಂಡ್ಲುಪೇಟೆಯಿಂದ ಬಡಗಣಕ್ಕೆ ನಂಜನಗೂಡಿನ ಮೇಲೆ ಹೋದರೆ ಮೈಸೂರಿನ ರೇಸ್‌ಕೋರ್ಸು ಸಿಗುತ್ತದೆ. ತೆಂಕಣಕ್ಕೆ ಬಂಡೀಪುರದ ಕಾಡು ದಾಟಿ ಘಟ್ಟ ಹತ್ತಿದರೆ ಒಂದೂಕಾಲು ಶತಮಾನ ಮೀರಿ ಕುದುರೆ ಓಡಿದ ಊಟಿ. ಪಡುವಣಕ್ಕೆ ತಿರುಗಿ ಮೂಲೆಹೊಳೆಯನ್ನು ದಾಟಿದರೆ ಕೇರಳದ ಲಾಟರಿ ಅಂಗಡಿಗಳು. ಈ ಮೂರು ದಿಕ್ಕುಗಳಿಂದ ಮೂರು ಬಗೆಯ ದರಗಳು ಈ ಸೀಮೆಯೊಳಕ್ಕೆ ಬಂದವು, ನಾಲ್ಕನೆಯದು ಮುಂಬಯಿಯಿಂದ ಬಂತು, ಐದನೆಯದು ಮೊಬೈಲಿನಲ್ಲಿ.

ಇವೆಲ್ಲಕ್ಕೂ ಮೊದಲಿನಿಂದ ಇದ್ದದ್ದು ಬಾಯಿಮಾತಿನ ದರ. ಕನ್ನಡ ಈ ಪ್ರಮಾಣವನ್ನು ಚತುರ್ಥೀ ವಿಭಕ್ತಿಯಲ್ಲಿ ಹೇಳುತ್ತದೆ: ಒಂದಕ್ಕೆ ಎರಡು, ಹತ್ತಕ್ಕೆ ಹದಿನೈದು. ಇಲ್ಲಿ ಕಟ್ಟುವ ಹಣ ಮೊದಲು ಬರುತ್ತದೆ, ಪಡೆಯುವ ಹಣ ಆಮೇಲೆ. ಇಂಗ್ಲೆಂಡಿನ ರೇಸುಗಳಿಂದ ಬಂದ ಬರವಣಿಗೆಯಲ್ಲಿ ಅದು ತಿರುವುಮುರುವಾಗಿ, ಗೆಲ್ಲುವ ನಾಲ್ಕು ಮೊದಲು, ಕಟ್ಟುವ ಒಂದು ಆಮೇಲೆ, 4/1 ಎಂದು ಕಾಣಿಸಿಕೊಳ್ಳುತ್ತದೆ. ಈ ಹಿಂದುಮುಂದಿಗಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ. ‘ದುಡ್ಡು ಒಂದಕ್ಕೆರಡಾಯಿತು’ ಎಂದಾಗ ಕೈಯಲ್ಲಿದ್ದ ಒಂದು ರೂಪಾಯಿ ಎರಡು ರೂಪಾಯಿಯಾಯಿತು, ಅಂದರೆ ಲಾಭ ಒಂದೇ ರೂಪಾಯಿ ಎಂದೇ ಕನ್ನಡದ ಕಿವಿ ಕೇಳಿಸಿಕೊಳ್ಳುತ್ತದೆ. ಬರುವ ಎರಡರಲ್ಲಿ ಕಟ್ಟಿದ ಒಂದೂ ಸೇರಿರುತ್ತದೆ. ಭಿನ್ನರಾಶಿಯಲ್ಲಿ ಬರೆದ 2/1 ಹಾಗಲ್ಲ. ಅಲ್ಲಿ ಲಾಭವೇ ಎರಡು, ಕಟ್ಟಿದ ಒಂದು ಅದರ ಮೇಲೆ ವಾಪಸ್ಸು ಬಂದು, ಕೈಗೆ ಸೇರುವುದು ಮೂರು. ಒಂದೇ ಅಂಕಿಗಳನ್ನು ಇಬ್ಬರು ಎರಡು ರೀತಿ ಓದಿಕೊಂಡರೆ ಜಗಳಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ, ಮತ್ತು ಬಾಯಿಮಾತಿನ ಬಾಜಿಗಳಿಗೆ ಹಣ ಹಿಡಿದುಕೊಳ್ಳಲು ಮೂರನೆಯವನೊಬ್ಬನನ್ನು ನೇಮಿಸುವ ರೂಢಿಯ ಹಿಂದೆ ಇಂಥ ಜಗಳದ ಭಯವೂ ಇದೆ.

ಆ ಮೂರನೆಯವನಿಗೆ ಧರ್ಮಶಾಸ್ತ್ರದಲ್ಲಿ ಒಂದು ಹೆಸರಿದೆ: ಸಭಿಕ. ಇವತ್ತು ಸಭಿಕ ಎಂದರೆ ಭಾಷಣ ಕೇಳಲು ಬಂದವನು. ಸ್ಮೃತಿಗಳ ಭಾಷೆಯಲ್ಲಿ ಅವನು ಜೂಜಿನ ಸಭೆಯನ್ನು ನಡೆಸುವವನು, ದಾಳಗಳನ್ನು ಒದಗಿಸುವವನು, ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ಕೊಡಿಸುವವನು. ಮನುಸ್ಮೃತಿ ದಾಳದಂಥ ನಿರ್ಜೀವ ವಸ್ತುಗಳಿಂದ ಆಡುವುದನ್ನು ದ್ಯೂತವೆಂದೂ, ಕೋಳಿ ಟಗರುಗಳಂಥ ಪ್ರಾಣಿಗಳ ಮೇಲೆ ಪಣವೊಡ್ಡುವುದನ್ನು ಸಮಾಹ್ವಯವೆಂದೂ ಬೇರ್ಪಡಿಸಿ, ಎರಡನ್ನೂ ರಾಜನು ತಡೆಯಬೇಕೆಂದು ವಿಧಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಮಾತ್ರ ತಡೆಯುವ ಬದಲು ಅದಕ್ಕೊಬ್ಬ ಅಧ್ಯಕ್ಷನನ್ನು ನೇಮಿಸಿ, ಒಂದೇ ಕಡೆ ಆಡಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ಪಡೆಯುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಈ ಎರಡನೆಯ ದಾರಿಯನ್ನೇ ಹಿಡಿದು ಸಭಿಕನ ಪಾಲನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ: ನೂರು ಅಥವಾ ಅದಕ್ಕಿಂತ ಹೆಚ್ಚು ಗೆದ್ದವನಿಂದ ನೂರಕ್ಕೆ ಐದು, ಉಳಿದವರಿಂದ ನೂರಕ್ಕೆ ಹತ್ತು, ಅದರಲ್ಲಿ ರಾಜನಿಗೆ ಅವನ ಭಾಗ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು, ಕನ್ನಡ ನಾಡಿನವನು. ಆದ್ದರಿಂದ ಈ ನಿಯಮಗಳು ಇಲ್ಲಿನ ಪಂಡಿತರಿಗೆ ದೂರದ ಮಾತಾಗಿರಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಆಟದ ನೀತಿ ಅನೀತಿಗಳನ್ನಲ್ಲ, ಲೆಕ್ಕದ ಬಯಲುತನವನ್ನು. ಆಡಿಸುವವನಿಗೆ ಎಷ್ಟು ಹೋಗುತ್ತದೆ ಎಂಬುದು ಆಡುವವನಿಗೆ ಮೊದಲೇ ಗೊತ್ತಿತ್ತು. ಅದು ದರದಿಂದ ಬೇರೆಯಾಗಿ, ದರದ ಪಕ್ಕದಲ್ಲಿ, ಅಂಕಿಯಾಗಿ ನಿಂತಿತ್ತು. ಮುಂದಿನ ಶತಮಾನಗಳಲ್ಲಿ ದರ ತೋರಿಸುವ ಬಗೆಗಳು ಹೆಚ್ಚುತ್ತ ಹೋದಂತೆ, ಸಭಿಕನ ಪಾಲು ದರದ ಒಳಕ್ಕೆ ಸರಿದು ಕಣ್ಮರೆಯಾದದ್ದೇ ಈ ಚರಿತ್ರೆಯ ಎಳೆ ಎಂದು ಹೇಳಬಹುದು.

ದಾಳದ ಮಾತಿಗೂ ಈ ಸೀಮೆಗೂ ಒಂದು ನಂಟಿದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲನ್ನು ಹೇಳುವ ಸೂಕ್ತದಲ್ಲಿ ದಾಳವಾಗಿ ಬಳಕೆಯಾಗುವುದು ವಿಭೀತಕದ ಕಾಯಿ, ಅಂದರೆ ತ್ರಿಫಲೆಯಲ್ಲಿ ನೆಲ್ಲಿ ಅಳಲೆಗಳ ಜೊತೆಗೆ ಬೀಳುವ ತಾರೆಕಾಯಿ. ಆ ಮರ ಬಂಡೀಪುರದ ಕಾಡಿನಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಈಗಲೂ ಬೆಳೆಯುತ್ತದೆ. ಅದರ ಕಾಯಿಯನ್ನು ಆರಿಸುವವರು ಮಾರುವುದು ಔಷಧಕ್ಕೆ ಎಂಬುದಷ್ಟೇ ವ್ಯತ್ಯಾಸ.

ಚಾಮರಾಜನಗರ ಎಂಬ ಹೆಸರು ಬಂದದ್ದೂ ಆಟಗಳ ಮೇಲೆ ಅಪಾರ ಆಸ್ಥೆಯಿದ್ದ ಒಬ್ಬ ಅರಸನಿಂದ. ಅರಿಕುಠಾರವೆಂದು ಕರೆಯಲ್ಪಡುತ್ತಿದ್ದ ಊರಿಗೆ, ಅದು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂಬ ಕಾರಣಕ್ಕೆ, 1818ರಲ್ಲಿ ಈ ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದವರೂ ಅವರೇ. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ವಿವರಿಸಿರುವ ಚದ್ ಎಂಬ ಎಲೆಯಾಟಗಳು ಅವರ ಆಸ್ಥಾನದ ಸೃಷ್ಟಿ, ಅವುಗಳಲ್ಲಿ ಅತಿ ದೊಡ್ಡ ಕಟ್ಟಿಗೆ 360 ಎಲೆಗಳು. ಅಷ್ಟು ಎಲೆಗಳನ್ನು ನೆನಪಿಟ್ಟುಕೊಂಡು ಆಡಬಲ್ಲವರು ಅರಮನೆಯ ಹೊರಗೆ ಎಷ್ಟಿದ್ದಾರು! ಊರಿನ ಜನ ಯುಗಾದಿಯ ಆಸುಪಾಸಿನ ದಿನಗಳಲ್ಲಿ ಹಿಡಿದದ್ದು ಐವತ್ತೆರಡು ಎಲೆಗಳ ಇಸ್ಪೀಟನ್ನು, ಆಡಿದ್ದು ಅಂದರ್–ಬಾಹರ್ ಅನ್ನು. ಹಳೆ ಮೈಸೂರು ಸೀಮೆಯಲ್ಲಿ ಹಬ್ಬದ ಹೆಸರಿನಲ್ಲಿ ನಡೆಯುವ ಈ ಆಟದ ದರ ಅತ್ಯಂತ ಸರಳವಾದದ್ದು, ನೂರಕ್ಕೆ ನೂರು, ಅಂದರೆ ನೂರು ಕಟ್ಟಿದರೆ ನೂರು ಲಾಭ. ಮಧ್ಯದಲ್ಲಿ ತೆರೆದಿಟ್ಟ ಎಲೆಗೆ ಜೋಡಿ ಒಳಗೆ ಬೀಳುತ್ತದೆಯೋ ಹೊರಗೆ ಬೀಳುತ್ತದೆಯೋ ಎಂಬುದೇ ಪಂಥವಾದ್ದರಿಂದ ಎರಡೂ ಕಡೆ ಸಮಸಮ ಎಂದೇ ಎಲ್ಲರೂ ಭಾವಿಸುತ್ತಾರೆ. ಆದರೆ ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಂಭವ ನೂರಕ್ಕೆ ಸುಮಾರು 51.5, ಗೋವೆಯಂಥ ಕಡೆಯ ಕ್ಯಾಸಿನೊಗಳು ಆ ಕಡೆಗೆ ಹತ್ತಕ್ಕೆ ಒಂಬತ್ತನ್ನೇ ಲಾಭವಾಗಿ ಕೊಡುವುದು ಈ ಒಂದೂವರೆಯ ಸಲುವಾಗಿ.

ಬರೆದ ದರ ಈ ಸೀಮೆಗೆ ಬಂದದ್ದು ಕುದುರೆಯ ಬೆನ್ನೇರಿ. ಹತ್ತನೆಯ ಚಾಮರಾಜ ಒಡೆಯರ, ಅಂದರೆ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ ಮೈಸೂರು ರೇಸ್ ಕ್ಲಬ್ ಸ್ಥಾಪನೆಯಾಯಿತು. ಊಟಿಯಲ್ಲಿ ಬೇಸಗೆಯ ರೇಸುಗಳು ಅದಕ್ಕೆ ಐದು ವರ್ಷ ಮೊದಲೇ, 1886ರಲ್ಲಿ, ಆರಂಭವಾಗಿದ್ದವು. ಮೈಸೂರು ಅರಸರ ಬೇಸಗೆಯ ವಾಸಕ್ಕೆ ಊಟಿಯ ಫರ್ನ್‌ಹಿಲ್ ಅರಮನೆ ಇದ್ದುದರಿಂದ ಅರಸು ಪರಿವಾರದ ಪ್ರಯಾಣವೂ ಗುಂಡ್ಲುಪೇಟೆ, ಬಂಡೀಪುರಗಳ ಈ ದಾರಿಯದೇ ಆಗಿತ್ತು. ಚಾಮರಾಜನಗರಕ್ಕೆ ರೈಲು ಬಂದು ಅಲ್ಲಿಗೇ ನಿಂತಿತು, ಗುಂಡ್ಲುಪೇಟೆಗೆ ಇವತ್ತಿಗೂ ರೈಲಿಲ್ಲ. ಎರಡು ರೇಸ್‌ಕೋರ್ಸುಗಳ ನಡುವಿನ ಊರಾಗಿ ಅದು ಕಂಡದ್ದು ರಸ್ತೆಯ ಸಂಚಾರವನ್ನೇ. ‘ಕುದುರೆ ಬಾಲಕ್ಕೆ ದುಡ್ಡು ಕಟ್ಟಿದ’ ಎಂಬ ಮಾತು ಕನ್ನಡದಲ್ಲಿ ಕಳೆದುಕೊಂಡವನ ಪೂರ್ತಿ ಚರಿತ್ರೆಯನ್ನು ನಾಲ್ಕು ಪದಗಳಲ್ಲಿ ಹೇಳುವ ನುಡಿಗಟ್ಟಾದದ್ದು ಕುದುರೆ ರೇಸುಗಳಿಂದ.

ರೇಸಿನ ಆವರಣದಲ್ಲಿ ದರವನ್ನು ತೋರಿಸುವವರು ಇಬ್ಬರು, ಮತ್ತು ಅವರಿಬ್ಬರ ಲೆಕ್ಕವೂ ಬೇರೆ ಬೇರೆ. ಮೊದಲನೆಯವನು ಬುಕ್ಕಿ, ಅಂದರೆ ಲೈಸೆನ್ಸು ಪಡೆದು ತನ್ನ ಸ್ವಂತ ಜವಾಬ್ದಾರಿಯ ಮೇಲೆ ಬಾಜಿ ಹಿಡಿಯುವವನು. ಇಂಗ್ಲೆಂಡಿನ ನ್ಯೂಮಾರ್ಕೆಟ್ ರೇಸುಗಳಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಒಂದೊಂದು ಕುದುರೆಗೂ ಒಂದೊಂದು ದರವನ್ನು ಸಾರುವ ರೂಢಿಯನ್ನು ಹ್ಯಾರಿ ಆಗ್ಡೆನ್ ಎಂಬಾತ ಆರಂಭಿಸಿದನೆಂದು ಹೇಳುವುದು ವಾಡಿಕೆ. ಬುಕ್ಕಿಯ ಹಲಗೆಯ ಮೇಲಿರುವುದು ಭಿನ್ನರಾಶಿಗಳು. ಆರು ಕುದುರೆಗಳ ಒಂದು ಓಟಕ್ಕೆ ಹಲಗೆಯಲ್ಲಿ ಕ್ರಮವಾಗಿ 6/4, 2/1, 4/1, 8/1, 12/1, 20/1 ಎಂದು ಬರೆದಿದೆ ಎಂದುಕೊಳ್ಳಬಹುದು. 6/4 ಎಂದರೆ ನಾಲ್ಕು ಕಟ್ಟಿದವನಿಗೆ ಆರು ಲಾಭ. ಒಟ್ಟು ಹತ್ತರಲ್ಲಿ ನಾಲ್ಕು ಅವನದಾದ್ದರಿಂದ, ಆ ಕುದುರೆ ನೂರು ಓಟಗಳಲ್ಲಿ ನಲವತ್ತನ್ನು ಗೆದ್ದರೆ ಮಾತ್ರ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಲೆಕ್ಕ ಸರಿಹೋಗುತ್ತದೆ. ದರದೊಳಗೆ ಅಡಗಿರುವ ಈ ಸಂಭವವನ್ನು ಉಳಿದವಕ್ಕೂ ಇದೇ ರೀತಿ ಬಿಡಿಸಿದರೆ 33.33, 20, 11.11, 7.69, 4.76 ಎಂದು ಸಿಗುತ್ತದೆ. ಆರರಲ್ಲಿ ಒಂದು ಕುದುರೆ ಗೆದ್ದೇ ಗೆಲ್ಲಬೇಕಾದ್ದರಿಂದ ಎಲ್ಲವನ್ನೂ ಕೂಡಿದರೆ ನೂರಾಗಬೇಕು. ಕೂಡಿದಾಗ ಬರುವುದು ಸುಮಾರು 116.9. ನೂರರ ಮೇಲಿನ ಆ ಹದಿನೇಳೇ ಸಭಿಕನ ಪಾಲು. ಪ್ರತಿಯೊಂದು ಕುದುರೆಯ ಮೇಲೂ ಹಣ ತಕ್ಕ ಪ್ರಮಾಣದಲ್ಲಿ ಬಿದ್ದರೆ, ಯಾವುದೇ ಗೆಲ್ಲಲಿ, 116 ರೂಪಾಯಿ 90 ಪೈಸೆ ಕೂಡಿಸಿಕೊಂಡ ಬುಕ್ಕಿ ನೂರನ್ನು ಹಂಚಿ ಉಳಿದದ್ದನ್ನು ಜೇಬಿಗಿಳಿಸುತ್ತಾನೆ. ಹಲಗೆಯ ಮೇಲೆ ಆರೂ ದರಗಳು ಎಲ್ಲರ ಕಣ್ಣಿಗೂ ಕಾಣುವಂತಿವೆ, ಹದಿನೇಳು ಮಾತ್ರ ಎಲ್ಲೂ ಬರೆದಿಲ್ಲ. ಅದನ್ನು ಕಾಣಬೇಕಾದರೆ ಆರು ಭಿನ್ನರಾಶಿಗಳಿಗೂ ಒಂದೊಂದನ್ನು ಸೇರಿಸಿ, ತಲೆಕೆಳಗು ಮಾಡಿ ಕೂಡಬೇಕು, ಕುದುರೆಗಳು ಗೇಟಿಗೆ ಬರುವ ಹೊತ್ತಿನಲ್ಲಿ ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ.

ಎರಡನೆಯದು ಟೋಟ್, ಅಂದರೆ ಎಲ್ಲರ ಹಣವನ್ನೂ ಒಂದು ರಾಶಿಗೆ ಹಾಕಿ ಗೆದ್ದವರಿಗೆ ಹಂಚುವ ವ್ಯವಸ್ಥೆ. ಇದನ್ನು 1867ರ ಸುಮಾರಿಗೆ ಪ್ಯಾರಿಸಿನಲ್ಲಿ ರೂಪಿಸಿದವನು ಜೋಸೆಫ್ ಒಲ್ಲೆ. ಕೂಡುವ ಕಳೆಯುವ ಕೆಲಸವನ್ನು ಯಂತ್ರಕ್ಕೊಪ್ಪಿಸಿ 1913ರಲ್ಲಿ ನ್ಯೂಜಿಲೆಂಡಿನ ಎಲರ್ಸ್ಲಿ ರೇಸ್‌ಕೋರ್ಸಿನಲ್ಲಿ ಮೊದಲ ದೊಡ್ಡ ಟೋಟಲೈಸೇಟರನ್ನು ನಿಲ್ಲಿಸಿದವನು ಎಂಜಿನಿಯರ್ ಜಾರ್ಜ್ ಜೂಲಿಯಸ್. ಇದರ ಲೆಕ್ಕ ಹೀಗಿದೆ: ಒಂದು ಓಟಕ್ಕೆ ಬಿದ್ದ ಒಟ್ಟು ಹಣ 1,00,000 ರೂಪಾಯಿ ಎಂದೂ, ಕ್ಲಬ್ಬಿನ ಕಮಿಷನ್ ಮತ್ತು ತೆರಿಗೆಗಾಗಿ ನೂರಕ್ಕೆ 20ರಂತೆ ಕಳೆದರೆ ಉಳಿಯುವುದು 80,000 ಎಂದೂ ಇಟ್ಟುಕೊಂಡರೆ, ಗೆದ್ದ ಕುದುರೆಯ ಮೇಲೆ ಬಿದ್ದಿದ್ದ ಹಣ 16,000 ಆಗಿದ್ದ ಪಕ್ಷದಲ್ಲಿ, ಹತ್ತು ರೂಪಾಯಿಯ ಒಂದೊಂದು ಟಿಕೆಟ್ಟಿಗೂ 50 ರೂಪಾಯಿ ಸಲ್ಲುತ್ತದೆ. ಪತ್ರಿಕೆಗಳ ರೇಸ್ ಫಲಿತಾಂಶದಲ್ಲಿ ಗೆಲುವಿಗೆ 50, ಸ್ಥಾನಕ್ಕೆ 13, 16 ಎಂದು ಅಚ್ಚಾಗುವ ಡಿವಿಡೆಂಡುಗಳು ಇವೇ. ಮೊದಲ ಮೂರು ಕುದುರೆಗಳನ್ನು ಅದೇ ಕ್ರಮದಲ್ಲಿ ಹೇಳಬೇಕಾದ ತನಾಲಾ, ಎರಡನೆಯ ಕುದುರೆಯ ಮೇಲಿನ ಪೂಲು ಮೊದಲಾದವಕ್ಕೂ ಇದೇ ಹಂಚಿಕೆ. ಈ 50ರಲ್ಲಿ ಕಟ್ಟಿದ ಹತ್ತೂ ಸೇರಿದೆ. ಆದ್ದರಿಂದ ಬುಕ್ಕಿಯ ಹಲಗೆಯ 4/1, ಟೋಟಿನ 50, ಕನ್ನಡದ ‘ಒಂದಕ್ಕೆ ಐದು’ ಮೂರೂ ಒಂದೇ ದರ. ನೋಡುವುದಕ್ಕೆ ಮಾತ್ರ ಒಂದರಲ್ಲಿ ನಾಲ್ಕು, ಒಂದರಲ್ಲಿ ಐವತ್ತು, ಒಂದರಲ್ಲಿ ಐದು. ಟೋಟಿನಲ್ಲಿ ಸಭಿಕನ ಪಾಲು ಯಾಜ್ಞವಲ್ಕ್ಯನ ಸಭೆಯಲ್ಲಿದ್ದಂತೆ ನೂರಕ್ಕಿಷ್ಟು ಎಂದು ನಿಗದಿಯಾದದ್ದು, ಕೇಳಿದವರಿಗೆ ಗೊತ್ತಾಗುವಂಥದು. ಆದರೆ ಅಲ್ಲಿ ದರವೇ ಕೊನೆಯ ಗಳಿಗೆಯವರೆಗೆ ಗೊತ್ತಿರುವುದಿಲ್ಲ, ಏಕೆಂದರೆ ಕೊನೆಯ ಟಿಕೆಟ್ಟು ಮಾರಾಟವಾಗುವ ತನಕ ರಾಶಿ ಬೆಳೆಯುತ್ತಲೇ ಇರುತ್ತದೆ. ಬುಕ್ಕಿಯಲ್ಲಿ ದರ ಗೊತ್ತು, ಪಾಲು ಗೊತ್ತಿಲ್ಲ. ಟೋಟಿನಲ್ಲಿ ಪಾಲು ಗೊತ್ತು, ದರ ಗೊತ್ತಿಲ್ಲ.

ಸರ್ಕಾರಕ್ಕೆ ಎರಡೂ ಒಪ್ಪಿತವಾಗಿದ್ದವು. ಮೈಸೂರು ಸಂಸ್ಥಾನವು 1932ರ ಬೆಟ್ಟಿಂಗ್ ತೆರಿಗೆ ಕಾಯಿದೆಯ ಮೂಲಕ ರಾಜಭಾಗವನ್ನು ಗೊತ್ತುಮಾಡಿಕೊಂಡಿತು, 1952ರಲ್ಲಿ ರೇಸ್‌ಕೋರ್ಸುಗಳ ಲೈಸೆನ್ಸಿಗೆ ಪ್ರತ್ಯೇಕ ಕಾಯಿದೆ ಬಂತು. ಈಗಿನ ಚಾಮರಾಜನಗರ ಜಿಲ್ಲೆಯ ಪಾಲಿಗೆ ಈ ಕಾಯಿದೆಗಳ ಭೂಗೋಳ ಸ್ವಲ್ಪ ವಿಚಿತ್ರವಾಗಿತ್ತು: ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನದಲ್ಲಿದ್ದರೆ, ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಅಲ್ಲಿ ನಡೆಯುತ್ತಿದ್ದದ್ದು 1930ರ ಮದರಾಸಿನ ಜೂಜು ಕಾಯಿದೆ. ಏಕೀಕರಣದ ನಂತರ 1963ರ ಪೊಲೀಸ್ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ವ್ಯಾಖ್ಯೆಯನ್ನು ಕೊಟ್ಟಿತು, ಮತ್ತು ಅದರ ಪ್ರಕಾರ ರೇಸಿನ ದಿನ, ರೇಸಿನ ಆವರಣದಲ್ಲಿ, ಲೈಸೆನ್ಸುಳ್ಳ ಬುಕ್ಕಿಯ ಬಳಿಯೋ ಟೋಟಿನಲ್ಲೋ ಕಟ್ಟಿದ ಬಾಜಿ ಜೂಜಲ್ಲ. ಮೈಸೂರಿನ ಆವರಣದೊಳಗೆ ನಿಂತು ಕಟ್ಟಿದರೆ ನ್ಯಾಯಸಮ್ಮತವಾದದ್ದು, ಅದೇ ಕುದುರೆಯ ಮೇಲೆ ಗುಂಡ್ಲುಪೇಟೆಯ ಹೋಟೆಲಿನ ಹಿಂದೆ ಕಟ್ಟಿದರೆ ಅಪರಾಧ. ತಮಿಳುನಾಡು 1974ರಲ್ಲಿ ಕುದುರೆ ಜೂಜನ್ನೇ ರದ್ದುಮಾಡುವ ಕಾಯಿದೆ ತಂದಾಗ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕುದುರೆಯ ಓಟ ಅದೃಷ್ಟಕ್ಕಿಂತ ಹೆಚ್ಚಾಗಿ ಕೌಶಲದ ಆಟವೆಂದು 1996ರಲ್ಲಿ ತೀರ್ಪಾಯಿತು. ಸಭಿಕನ ಪಾಲಿನ ಹಳೆಯ ಪ್ರಶ್ನೆಯೂ ಹೊಸ ವೇಷದಲ್ಲಿ ಕೋರ್ಟಿಗೆ ಬಂತು: ಜಿಎಸ್‌ಟಿಯನ್ನು ಟೋಟಿನಲ್ಲಿ ಬಿದ್ದ ಪೂರ್ತಿ ಹಣದ ಮೇಲೆ ಹಾಕಬೇಕೋ, ಕ್ಲಬ್ಬು ಮುರಿದುಕೊಳ್ಳುವ ಕಮಿಷನ್ನಿನ ಮೇಲೆ ಮಾತ್ರವೋ ಎಂಬ ವ್ಯಾಜ್ಯದಲ್ಲಿ ಕರ್ನಾಟಕ ಹೈಕೋರ್ಟು 2021ರಲ್ಲಿ ಕಮಿಷನ್ನಿನ ಮೇಲೆ ಮಾತ್ರ ಎಂದಿತು, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪೂರ್ತಿ ಹಣದ ಮೇಲೆ ನೂರಕ್ಕೆ 28 ಎಂದು ವಿಧಿಸಿತು.

ರೇಸಿಗೆ ಹೋಗಲು ಬಸ್ಸಿನ ಚಾರ್ಜು, ಒಳಗೆ ಹೋಗಲು ಟಿಕೆಟ್ಟು, ಓದಲು ರೇಸ್ ಪುಸ್ತಕ ಬೇಕು. ಇವ್ಯಾವುವೂ ಇಲ್ಲದೆ, ಬೀಡಾ ಅಂಗಡಿಯ ಮುಂದೆ ನಿಂತೇ ಆಡಬಹುದಾಗಿದ್ದದ್ದು ಓಸಿ. ಈ ಹೆಸರು ಓಪನ್–ಕ್ಲೋಸ್ ಎಂಬುದರ ಮೊದಲಕ್ಷರಗಳಿಂದ ಬಂದದ್ದು, ಆದರೆ ಯಾವುದರ ತೆರೆಯುವಿಕೆ, ಯಾವುದರ ಮುಚ್ಚುವಿಕೆ ಎಂಬುದನ್ನು ಓಸಿ ಬರೆಸಿದವರಲ್ಲಿ ಬಹುಮಂದಿ ಎಂದೂ ಕೇಳಿರಲಿಕ್ಕಿಲ್ಲ. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಲ್ಲಿ ದಿನದ ಆರಂಭಕ್ಕೂ ಮುಕ್ತಾಯಕ್ಕೂ ಇದ್ದ ಹತ್ತಿಯ ಧಾರಣೆ ಟೆಲಿಪ್ರಿಂಟರಿನಲ್ಲಿ ಮುಂಬಯಿಗೆ ಬರುತ್ತಿತ್ತು, ಆ ಅಂಕಿಗಳ ಮೇಲೆ ಮುಂಬಯಿಯ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ಧಾರಣೆ ಬರುವುದು ನಿಂತುಹೋದಾಗ, ಅಂಕಿಗಳಿಗೆ ಹತ್ತಿಯ ಹಂಗೇಕೆ ಎಂದು ಚೀಟಿಗಳನ್ನು ಮಡಕೆಯಿಂದ ಎತ್ತುವ ಏರ್ಪಾಟಾಯಿತು. ಮಡಕೆಯೇ ಮಟ್ಕಾ. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ಆರಂಭಿಸಿದ ಈ ಆಟಗಳಲ್ಲಿ ಮುಂದೆ ಮಡಕೆಯೂ ಹೋಗಿ ಇಸ್ಪೀಟಿನ ಎಲೆಗಳು ಬಂದವು, ಹೆಸರು ಮಾತ್ರ ಮಡಕೆಯದೇ ಉಳಿಯಿತು. ಎತ್ತಿದ ಮೂರು ಅಂಕಿಗಳು 1, 5, 7 ಆದರೆ ಕೂಡಿದ 13ರ ಕೊನೆಯ ಅಂಕಿ 3 ಓಪನ್ ಆಗುತ್ತದೆ. ಎರಡನೆಯ ಸಲ ಎತ್ತಿದ್ದರಿಂದ 8 ಬಂದರೆ ಅದು ಕ್ಲೋಸ್. ಎರಡೂ ಸೇರಿದ 38 ಆ ದಿನದ ಜೋಡಿ.

ಓಸಿಯ ದರಕ್ಕೆ ಹಲಗೆ ಬೇಕಿರಲಿಲ್ಲ, ಏಕೆಂದರೆ ಅದು ಬದಲಾಗುತ್ತಲೇ ಇರಲಿಲ್ಲ. ಬಿಡಿ ಅಂಕಿಗೆ ಒಂದು ರೂಪಾಯಿಗೆ ಒಂಬತ್ತು, ಜೋಡಿಗೆ ಊರಿನ ಮೇಲೆ ಹೋಗಿ ಎಪ್ಪತ್ತೋ ಎಂಬತ್ತೋ. ಕರ್ನಾಟಕದ ಪೊಲೀಸ್ ಠಾಣೆಗಳ ಎಫ್‌ಐಆರ್‌ಗಳಲ್ಲಿ ಆರೋಪಿಯು ‘ಒಂದು ರೂಪಾಯಿಗೆ ಎಂಬತ್ತು ರೂಪಾಯಿ’ ಕೊಡುವುದಾಗಿ ಕೂಗಿ ಜನರಿಂದ ಹಣ ಪಡೆದು ಚೀಟಿ ಬರೆದುಕೊಡುತ್ತಿದ್ದನೆಂಬ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಬಾಯಿಮಾತಿನ ಬಾಜಿದರ ಸರ್ಕಾರಿ ಕಾಗದದಲ್ಲಿ ದಾಖಲಾದ ಸ್ಥಳ ಬಹುಶಃ ಅದೊಂದೇ. ಕೈಗೆ ಸಿಗುವ ಚೀಟಿಯಾದರೋ ಅಂಗೈಯೊಳಗೆ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕದು. ಅದರ ಮೇಲೆ ಜೋಡಿಯ ಎರಡು ಅಂಕಿ, ಪಕ್ಕದಲ್ಲೊಂದು ಗೆರೆ, ಗೆರೆಯಾಚೆ ಕಟ್ಟಿದ ಮೊತ್ತ. ಬರೆದವನ ಹೆಸರಿಲ್ಲ, ಬರೆಸಿದವನ ಹೆಸರಿಲ್ಲ, ದರವೂ ಇಲ್ಲ. ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಜೋಡಿಗಳು ನೂರಾದ್ದರಿಂದ ಒಂದು ಜೋಡಿ ಬೀಳುವ ಸಂಭವ ನೂರರಲ್ಲಿ ಒಂದು, ಕೊಡುವುದು ಎಂಬತ್ತು. ಉಳಿದ ಇಪ್ಪತ್ತು ಸಭಿಕನದು. ಇಷ್ಟು ಸುಲಭವಾಗಿ ಬಿಡಿಸಬಹುದಾದ ಲೆಕ್ಕ ರೇಸಿನ ಹಲಗೆಯಲ್ಲೂ ಇರಲಿಲ್ಲ. ಆದರೂ ಓಸಿ ಆಡುವವರು ಬಿಡಿಸಲು ಕೂತದ್ದು ಈ ಇಪ್ಪತ್ತನ್ನಲ್ಲ, ನಾಳೆಯ ಅಂಕಿಯನ್ನು. ಕನಸಿನಲ್ಲಿ ಕಂಡ ಹಾವು, ಎದುರಿಗೆ ಬಂದ ಲಾರಿಯ ನಂಬರು, ಹಳೆಯ ಫಲಿತಾಂಶಗಳ ಚಾರ್ಟು ಇವೆಲ್ಲವೂ ಅದಕ್ಕೆ ಸಾಧನಗಳಾದವು. ಒಂದಂಕಿ ಲಾಟರಿ ಎಂಬ ಹೆಸರಿನಲ್ಲಿ ಇದೇ ಆಟ ಸರ್ಕಾರಗಳ ಮುದ್ರೆಯನ್ನೂ ಹೊತ್ತು ಬರತೊಡಗಿದಾಗ ಕೇಂದ್ರದ 1998ರ ಲಾಟರಿ ಕಾಯಿದೆ ಅದನ್ನು ನಿಷೇಧಿಸಿತು.

ಚುನಾವಣೆಯ ಬಾಜಿ ಇನ್ನೂ ಹಳೆಯ ಪದ್ಧತಿಯಲ್ಲೇ ಉಳಿದಿದೆ. ಅಲ್ಲಿ ಪಾಲು ಪಡೆಯುವ ಸಭಿಕನಿಲ್ಲ, ಹೆಚ್ಚೆಂದರೆ ಹಣ ಹಿಡಿಯುವ ಊರಿನ ಹಿರಿಯನೊಬ್ಬನಿರುತ್ತಾನೆ. ಪಣ ಹಣವೇ ಆಗಬೇಕೆಂದಿಲ್ಲ, ಟಗರು, ಬೈಕು, ಒಂದು ಬೆಳೆಯ ಫಸಲು ಯಾವುದೂ ಆಗಬಹುದು. ದರ ಸಾಮಾನ್ಯವಾಗಿ ನೂರಕ್ಕೆ ನೂರು. ಒಬ್ಬ ಅಭ್ಯರ್ಥಿ ಗೆಲ್ಲುವುದು ಖಚಿತವೆಂದು ತೋರಿದಾಗ ದರವನ್ನು ಬದಲಿಸುವ ಬದಲು ಪ್ರಶ್ನೆಯನ್ನೇ ಬದಲಿಸಿ, ಗೆಲ್ಲುವನೇ ಎಂಬುದಕ್ಕೆ ಬದಲಾಗಿ ಎಷ್ಟು ಸಾವಿರದ ಲೀಡಿನಲ್ಲಿ ಗೆಲ್ಲುವನು ಎಂಬುದರ ಮೇಲೆ ಸಮಸಮವಾಗಿ ಕಟ್ಟುತ್ತಾರೆ. ಕ್ರೀಡಾ ಬಾಜಿಯಲ್ಲಿ ಬಲವುಳ್ಳ ತಂಡಕ್ಕೆ ಗೋಲುಗಳ ಹೊರೆ ಹೊರಿಸಿ ದರವನ್ನು ಸಮ ಮಾಡುವ ಪದ್ಧತಿಯದೂ ಇದೇ ಉಪಾಯ. ಲೀಡಿನ ಲೆಕ್ಕಾಚಾರ ಎಷ್ಟರ ಮಟ್ಟಿಗೆ ತಲೆಕೆಳಗಾಗಬಹುದು ಎಂಬುದಕ್ಕೆ ಈ ಜಿಲ್ಲೆಯಲ್ಲೇ ನಿದರ್ಶನವಿದೆ: 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಿಂದ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು 40,752ಕ್ಕೆ 40,751, ಅಂದರೆ ಒಂದೇ ಮತದಿಂದ.

ಕ್ರಿಕೆಟ್ಟಿನ ಭಾವ್ ಪೈಸೆಗಳಲ್ಲಿ ಬರುತ್ತದೆ, ಅದೂ ಗೆಲ್ಲಬಹುದಾದ ತಂಡದ್ದು ಮಾತ್ರ, ಎರಡು ಅಂಕಿಗಳ ಜೋಡಿಯಾಗಿ: ‘ಅರವತ್ತು–ಅರವತ್ತೆರಡು’. ಮೊದಲನೆಯದು ಲಗಾಯಿ, ಆ ತಂಡದ ಪರ ಕಟ್ಟುವವನ ದರ. ಸಾವಿರ ಕಟ್ಟಿದರೆ ಗೆದ್ದಾಗ ಆರುನೂರು ಲಾಭ. ಎರಡನೆಯದು ಖಾಯಿ, ವಿರುದ್ಧ ಕಟ್ಟುವವನ ದರ. ತಂಡ ಸೋತರೆ ಅವನಿಗೆ ಸಾವಿರ, ಗೆದ್ದರೆ ಅವನು ಕೊಡಬೇಕಾದದ್ದು 620. ಎರಡು ಅಂಕಿಗಳ ನಡುವಿನ ಎರಡು ಪೈಸೆಯೇ ಆಡಿಸುವವನ ಪಾಲು. ರೇಸಿನ ಹಲಗೆಗೆ ಮಾಡಿದ ಲೆಕ್ಕವನ್ನೇ ಇದಕ್ಕೂ ಮಾಡಿದರೆ 62.5 ಮತ್ತು 38.27, ಒಟ್ಟು 100.77, ರೇಸಿನ ಹದಿನೇಳರ ಮುಂದೆ ಇದು ಮುಕ್ಕಾಲಿಗಿಂತ ತುಸು ಹೆಚ್ಚು ಅಷ್ಟೆ. ಕಾನೂನಿನ ಹೊರಗೆ ನಡೆಯುವ ಈ ವ್ಯವಹಾರದಲ್ಲಿ ಸಭಿಕನ ಪಾಲು ದರದ ಜೊತೆಗೇ ಕೂಗಿ ಹೇಳಲ್ಪಡುತ್ತದೆ ಎಂಬುದು ವಿಪರ್ಯಾಸವೇ ಸರಿ. ಆದರೆ ಪಂದ್ಯವೊಂದರಲ್ಲಿ ಓವರು ಓವರಿಗೂ ಭಾವ್ ಬದಲಾಗಿ, ಒಬ್ಬನೇ ಹತ್ತಾರು ಸಲ ಕಟ್ಟುವುದರಿಂದ ಆ ಮುಕ್ಕಾಲು ಎಷ್ಟು ಸಲ ಕೈ ಬಿಡುತ್ತದೆ ಎಂಬುದನ್ನು ಯಾವ ಭಾವೂ ಹೇಳುವುದಿಲ್ಲ.

ಮೊಬೈಲಿನ ಪರದೆಯ ಮೇಲೆ ಇದೇ ಅರವತ್ತು ಪೈಸೆ 1.60 ಆಗಿ ಕಾಣಿಸಿತು. ಯುರೋಪು ಖಂಡದಲ್ಲೂ ಆಸ್ಟ್ರೇಲಿಯದಲ್ಲೂ ರೂಢಿಯಲ್ಲಿರುವ ಈ ದಶಮಾಂಶ ಪದ್ಧತಿಯಲ್ಲಿ ಕಟ್ಟಿದ ಹಣವೂ ದರದೊಳಗೇ ಸೇರಿರುತ್ತದೆ. ಇಂಗ್ಲಿಷ್ ಭಿನ್ನರಾಶಿಯಲ್ಲಿ ಇದೇ ದರ 3/5. ಅಮೆರಿಕದ ಪದ್ಧತಿಯಲ್ಲಿ ನೂರು ಗೆಲ್ಲಲು ಎಷ್ಟು ಕಟ್ಟಬೇಕು ಎಂಬುದನ್ನು ಕಳೆಯುವ ಚಿಹ್ನೆಯೊಂದಿಗೆ −167 ಎಂದೂ, 4/1ರಂಥ ದರಕ್ಕಾದರೆ ನೂರು ಕಟ್ಟಿದರೆ ಎಷ್ಟು ಲಾಭ ಎಂಬುದನ್ನು ಕೂಡುವ ಚಿಹ್ನೆಯೊಂದಿಗೆ +400 ಎಂದೂ ಬರೆಯುತ್ತಾರೆ. ಒಂದೇ ಹಲಗೆಯಲ್ಲಿ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರವಿರುವ ಈ ಬರವಣಿಗೆ ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ದಶಮಾಂಶಕ್ಕೆ ಆ ತೊಡಕಿಲ್ಲ. ಕಟ್ಟಿದ ಮೊತ್ತವನ್ನು ದರದಿಂದ ಗುಣಿಸಿದರೆ ಕೈಗೆ ಬರುವ ಹಣ ಸಿಗುತ್ತದೆ, ಅಂದರೆ ಅದು ಹೇಳುವುದು ‘ಒಂದಕ್ಕೆ ಎಷ್ಟು’ ಎಂಬುದನ್ನೇ. ಇಂಗ್ಲಿಷಿನ ರೇಸ್ ಭಾಷೆ ಕಲಿಯದ ಹುಡುಗರಿಗೂ ಅದು ಒಂದು ಗಳಿಗೆಯಲ್ಲಿ ಅರ್ಥವಾದದ್ದಕ್ಕೆ ಅದು ಕನ್ನಡದ ಬಾಯಿಮಾತಿನ ಲೆಕ್ಕಕ್ಕೆ ಅಷ್ಟು ಹತ್ತಿರವಾಗಿದ್ದುದೂ ಒಂದು ಕಾರಣವಿದ್ದೀತು. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು, 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂತೆ ಅಂಥ ನಿಷೇಧವನ್ನು ಕಾಯಿದೆಯಾಗಿಸಿತು.

ಗುಂಡ್ಲುಪೇಟೆಯ ಪಡುವಣ ದಾರಿಯಲ್ಲಿ ಸಿಗುವುದು ದರವನ್ನೇ ತೋರಿಸದ ಬಾಜಿ. ಕೇರಳ ಸರ್ಕಾರ 1967ರಲ್ಲಿ ಒಂದು ರೂಪಾಯಿಯ ಟಿಕೆಟ್ಟು, 50,000 ರೂಪಾಯಿಯ ಮೊದಲ ಬಹುಮಾನ ಎಂದು ಆರಂಭಿಸಿದ ಲಾಟರಿಯ ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು. ತಮಿಳುನಾಡು 2003ರಲ್ಲಿ, ಕರ್ನಾಟಕ 2007ರ ಏಪ್ರಿಲ್ 1ರಿಂದ ಲಾಟರಿಯನ್ನು ನಿಲ್ಲಿಸಿದ ಮೇಲೆ ಮೂರು ರಾಜ್ಯಗಳು ಸೇರುವ ಈ ಮೂಲೆಯಲ್ಲಿ ಅದು ಉಳಿದದ್ದು ಕೇರಳದ ಗಡಿಯಾಚೆ ಮಾತ್ರ. ಅಲ್ಲಿನ ಸುಲ್ತಾನ್ ಬತ್ತೇರಿಯಲ್ಲಿ ಮಾರಾಟವಾದ 500 ರೂಪಾಯಿಯ ಒಂದು ಟಿಕೆಟ್ಟಿಗೆ 2024ರ ತಿರುವೋಣಂ ಬಂಪರಿನ ಮೊದಲ ಬಹುಮಾನ, 25 ಕೋಟಿ, ಬಂದಿತು, ಗೆದ್ದವರು ಪಾಂಡವಪುರದವರು. ಐನೂರಕ್ಕೆ 25 ಕೋಟಿ ಎಂದರೆ ಒಂದಕ್ಕೆ ಐದು ಲಕ್ಷ. ಆ ಬಾರಿ ಮಾರಾಟವಾದ ಟಿಕೆಟ್ಟುಗಳು 70 ಲಕ್ಷಕ್ಕೂ ಹೆಚ್ಚಾದ್ದರಿಂದ ಮೊದಲ ಬಹುಮಾನದ ಸಂಭವ ಎಪ್ಪತ್ತು ಲಕ್ಷದಲ್ಲಿ ಒಂದು. ಸಣ್ಣಪುಟ್ಟ ಬಹುಮಾನಗಳು ಅದರ ಜೊತೆಗೆ ಇವೆ ಎಂಬುದು ನಿಜ. ಟಿಕೆಟ್ಟಿನ ಮೇಲೆ ದೊಡ್ಡಕ್ಷರದಲ್ಲಿರುವುದು ಬಹುಮಾನದ ಮೊತ್ತ, ಅದಕ್ಕಿಂತ ಚಿಕ್ಕದಾಗಿ ಬೆಲೆ. ಒಂದನ್ನು ಇನ್ನೊಂದರಿಂದ ಭಾಗಿಸಿ ತೋರಿಸುವ ಅಂಕಿ ಇಲ್ಲ.

ತೆಂಕಣ ದಾರಿಯ ಕೊನೆಯಲ್ಲಿದ್ದ ಊಟಿಯ ರೇಸ್‌ಕೋರ್ಸನ್ನು, ಗುತ್ತಿಗೆಯ ಬಾಕಿಯ ವ್ಯಾಜ್ಯದ ನಂತರ, ತಮಿಳುನಾಡು ಸರ್ಕಾರ 2024ರಲ್ಲಿ ವಶಕ್ಕೆ ತೆಗೆದುಕೊಂಡಿತು. ಐವತ್ತು ಎಕರೆಗೂ ಮೀರಿದ ಆ ಬಯಲಿನಲ್ಲಿ ಈಗ ಉದ್ಯಾನದ ಯೋಜನೆ ಇದೆ. ಹಲಗೆ ನೋಡಲು ಗುಂಡ್ಲುಪೇಟೆಯವರಿಗೆ ಉಳಿದಿರುವುದು ನಂಜನಗೂಡಿನ ಮೇಲಿನ ಬಡಗಣ ದಾರಿ ಒಂದೇ.